ಎರಡು ಟೇಬಲ್‌ಗಳ ನಡುವಿನ ಕೊಂಡಿ

ಕೊರಿನ್ ಮೇಡಂ ಅವರಿಗೆ,

ನಮ್ಮ ಕಾರ್ಮಿಕ ಕೇಂದ್ರದ ವೆಬ್‌ಸೈಟಿನಲ್ಲಿ ‘ತಾಂತ್ರಿಕ ದೋಷಕ್ಕೆ ವಿಷಾದಿಸುತ್ತೇವೆ’ ಎಂದು ಹಾಕಲು ಹೇಳಿದ್ದೀರಿ. ನಾನು ಹಾಕುವುದಿಲ್ಲ. ದೋಷವೇನೂ ಆಗಿಲ್ಲ, ನಾನು ಬರೆದ ಪ್ರೋಗ್ರಾಂ ಹೇಳಿದ್ದನ್ನೇ ವೆಬ್‌ಸೈಟ್ ಮಾಡಿದೆ.

ಡೇಟಾಬೇಸಿನಲ್ಲಿ ಕೋಳಿಮಾಂಸದ ಕಾರ್ಖಾನೆಯ ಮೇಲಿನ ದೂರುಗಳು ಒಂದು ಟೇಬಲ್‌ನಲ್ಲಿದ್ದವು, ದೂರು ಕೊಟ್ಟವರ ಹೆಸರುಗಳು ಇನ್ನೊಂದರಲ್ಲಿ. ಎರಡಕ್ಕೂ ಕೊಂಡಿ ಹಾಕಿ, ಪುಟ ಕಟ್ಟುವ ಯಾರ ಕೈಗಾದರೂ ಅದು ಸಿಗುವಂತೆ ಮಾಡಿದವನು ನಾನು. ಮುಚ್ಚಿಟ್ಟದ್ದೆಲ್ಲ ಮಾಲೀಕರಿಗೇ ಲಾಭ ಎಂದು ಕರಪತ್ರಗಳಲ್ಲಿ ಓದಿ ನಂಬಿದ್ದೆ. ಆ ಕೊಂಡಿ ಬಳಸಿ, ಪ್ರತಿ ದೂರಿನ ಪಕ್ಕ ಹೆಸರು ಕಾಣುವ ಪುಟವನ್ನು ದಾನಿಗಳು ನೋಡಲೆಂದು ಎಲ್ಲರಿಗೂ ತೆರೆದವರು ನೀವು. ಕಾರ್ಖಾನೆಯ ಮ್ಯಾನೇಜರೂ ನೋಡಿದ.

ನಿನ್ನೆ, ದೂರು ಕೊಟ್ಟವರಲ್ಲಿ ಒಬ್ಬರಾದ ಯುಲಾಲಿಯಾ ಅವರ ಮನೆಗೆ ಹೋಗಿದ್ದೆ. ಆ ಪುಟದಿಂದಾಗಿ ಕೆಲಸ ಹೋಗಿದ್ದರೂ ನನಗೆ ತಮ್ಮೂರಿನ ಜೋಳದ ಕಡುಬು, ತಮಾಲೆ, ಬಡಿಸಿದರು. “ಹನ್ನೊಂದು ವರ್ಷ ಆ ಮ್ಯಾನೇಜರಿಗೆ ನನ್ನ ಹೆಸರೇ ಗೊತ್ತಿರ್ಲಿಲ್ಲ ಕಣಪ್ಪ. ನೀನೇ ಪರಿಚಯ ಮಾಡಿಸ್ದೆ,” ಎಂದರು. ಆಮೇಲೆ, “ಕಂಪ್ಯೂಟರ್ ತಪ್ಪಂತೆ, ಹೌದಾ?” ಎಂದು ಕೇಳಿದರು. ನಾನು ತಲೆ ತಗ್ಗಿಸಿ ತಿನ್ನುತ್ತಾ ಕುಳಿತೆ.

ಆ ಪುಟವನ್ನೂ ಕೊಂಡಿಯನ್ನೂ ತೆಗೆದಿದ್ದೇನೆ. ಭಾನುವಾರ ಹನ್ನೊಂದಕ್ಕೆ ಯುಲಾಲಿಯಾ ಚರ್ಚಿನಿಂದ ಮನೆಗೆ ಬರುತ್ತಾರೆ. ಇಬ್ಬರೂ ಹೋಗಿ ನಿಜ ಹೇಳೋಣ. ನೀವು ಬರದಿದ್ದರೆ ನಿಮ್ಮ ಹೆಸರನ್ನೂ ನಾನೇ ಹೇಳುತ್ತೇನೆ.

ಇನ್ನೂ ಕೇಂದ್ರದ ಸದಸ್ಯನಾಗಿರುವ,
ಅಮಾಡಿಯೊ