ಹೊಳೆಗೆ ಹೋಗದ ಕೌದಿ

ಹುಣಸೂರು
ಭಾನುವಾರ, ಊಟವಾದ ಮೇಲೆ

ಕೆ.ಆರ್. ನಗರದಲ್ಲಿರುವ ಅಕ್ತರಕ್ಕನಿಗೆ, ನೀವು ಹುಣಸೂರು ಬಿಡುವವರೆಗೆ ಪಕ್ಕದ ಮನೆಯವಳಾಗಿದ್ದ ಸುಧಾ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ಮಗಳು ಸುಫಿಯಾ ಕೈಗೆ ಕೊಟ್ಟು ಓದಿಸಬೇಡಿ. ಕನ್ನಡಕ ಹುಡುಕಿಕೊಂಡು ನೀವೇ ಓದಿ, ನಿಧಾನವಾದರೂ ಪರವಾಗಿಲ್ಲ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವಳು ನಾನು ಅಂತ ನೀವೇ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೀರಿ. ಫೋನಿನಲ್ಲೇ ಹೇಳಿಬಿಡೋಣವೆಂದು ಈ ವಾರ ಮೂರು ಸಲ ನಿಮ್ಮ ನಂಬರು ಒತ್ತಿದೆ. ಮೂರು ಸಲವೂ ನೀವು "ಊಟ ಆಯ್ತಾ ಸುಧಮ್ಮ?" ಅಂದಿರಿ, ನಾನು ಸೊಪ್ಪಿನ ಸಾರಿನ ಸಮಾಚಾರ ಹೇಳಿ ಇಟ್ಟುಬಿಟ್ಟೆ.

ವಿಷಯ ಇಷ್ಟೇ. ನಮ್ಮ ಅವ್ವನ ಹಳೇ ಸೀರೆಗಳಲ್ಲಿ ನೀವು ಹೊಲಿದಿದ್ದ ಕೌದಿ ಹೊಳೆಗೆ ಹೋಗಿಲ್ಲ. ನನ್ನ ಬೀರುವಿನಲ್ಲಿದೆ.

ಯುಗಾದಿಯಾದ ಮಾರನೇ ವಾರ ನೀವು ಫೋನು ಮಾಡಿದ್ದಿರಿ. ಮಗಳು ಸುಫಿಯಾ ಬಸುರಿ ಅನ್ನುವ ಸಂತೋಷ ಹೇಳಿಕೊಂಡು, ಆಮೇಲೆ ಬಲು ಸಂಕೋಚದಿಂದ ಕೇಳಿದಿರಿ: "ಅವ್ವನ ಕೌದೀಲಿ ಒಂದು ಗೇಣು ತುಂಡು ಕೊಡ್ತೀರಾ ಸುಧಮ್ಮ? ಎಂಬತ್ತೆಂಟು ವರ್ಸ ಬಾಳಿದ ಜೀವ. ಮಗೀಗೆ ಒಲಿಯೋ ಕೌದಿಗೆ ಸೇರಿಸ್ಕೋತೀನಿ." ಹುಟ್ಟುವ ಮಗುವಿಗೆ ಹೊಸ ಬಟ್ಟೆ ತಾಕಿಸಬಾರದು, ತುಂಬು ಬಾಳು ಬಾಳಿದವರ ಬಟ್ಟೆ ಮೊದಲು ಮೈಗೆ ಸೋಕಬೇಕು ಅನ್ನುವುದು ನಿಮ್ಮ ಮನೆಯಲ್ಲೂ ಉಂಟು, ನಮ್ಮ ಮನೆಯಲ್ಲೂ ಉಂಟು. ನಾನು ಒಂದಿಷ್ಟೂ ತಡವರಿಸದೆ, "ಅದು ಅವ್ವನ ಹಾಸಿಗೆ ಜೊತೆ ಹೊಳೆಗೆ ಹೋಯ್ತಲ್ಲ ಅಕ್ತರಕ್ಕ" ಅಂದೆ. ನೀವು "ಓಗ್ಲಿ ಬುಡಿ, ಅವ್ರ ಜೊತೇಲೇ ಓಯ್ತಲ್ಲ" ಅಂದಿರಿ. ಸುಳ್ಳು ಯಾಕೆ ಹೇಳಿದೆ ಅಂತ ಕೇಳಿದರೆ, ಹೊಟ್ಟೆಕಿಚ್ಚು. ಬೇರೆ ಯಾವ ಘನವಾದ ಕಾರಣವೂ ನನ್ನ ಹತ್ತಿರ ಇಲ್ಲ.

ಯಾವತ್ತಿನಿಂದ ಶುರುವಾಯಿತು ಅಂತ ಹೇಳುತ್ತೇನೆ, ಕೇಳಿ. ತಂಬಾಕು ಹರಾಜು ಕಟ್ಟೆಯಲ್ಲಿ ಮೂವತ್ತು ವರ್ಷ ಬೇಲುಗಳಿಗೆ ಚೀಟಿ ಬರೆದವಳು ನಾನು. ಕೆಲಸ ಬಿಟ್ಟ ಮೇಲೆ ಕೈಗೆ ಏನಾದರೂ ಬೇಕಿತ್ತು. ಮದುವೆಯ ಗೊಡವೆಗೆ ಹೋಗದವಳು, ಮನೆಯಲ್ಲಿ ಅವ್ವ ಒಬ್ಬಳೇ. ಯೂಟ್ಯೂಬ್ ನೋಡಿ ನೋಡಿ ಕ್ವಿಲ್ಟ್ ಹೊಲಿಯುವ ಹುಚ್ಚು ಹತ್ತಿತು. ಕೌದಿ ಅನ್ನುತ್ತಿರಲಿಲ್ಲ ನಾನು, ಕ್ವಿಲ್ಟ್ ಅಂತಲೇ ಅನ್ನುತ್ತಿದ್ದೆ. ಅದಕ್ಕೆ ಬೇಕಾದ ಸಾಮಾನೆಲ್ಲ ಒಂದೊಂದಾಗಿ ಪಾರ್ಸೆಲಿನಲ್ಲಿ ಬಂತು. ಚಕ್ರದ ಹಾಗೆ ಉರುಳುತ್ತಾ ಬಟ್ಟೆ ಕತ್ತರಿಸುವ ಕಟರ್, ಅದರ ಕೆಳಗೆ ಹಾಸಲು ಚೌಕಳಿ ಗೆರೆಯ ಹಸಿರು ಮ್ಯಾಟು, ಆಚೆ ಕಾಣುವ ದಪ್ಪ ಸ್ಕೇಲು, ಅಂಚು ಹಿಡಿಯಲು ಬಣ್ಣಬಣ್ಣದ ಪುಟ್ಟ ಕ್ಲಿಪ್ಪು, ನೀರು ತಾಕಿದರೆ ಮಾಯವಾಗುವ ನೀಲಿ ಪೆನ್ನು. ಒಂದೊಂದಕ್ಕೂ ಒಂದೊಂದು ಡಬ್ಬಿ, ಡಬ್ಬಿಯ ಮೇಲೆ ಹೆಸರಿನ ಚೀಟಿ. ಚೀಟಿ ಅಂಟಿಸುವ ಚಟ ಹರಾಜು ಕಟ್ಟೆಯಿಂದ ಬಂದದ್ದು.

ಆ ಸಾಮಾನು ತೋರಿಸಲೆಂದೇ ನಿಮ್ಮನ್ನು ಕಾಂಪೌಂಡಿನ ಆಚೆಯಿಂದ ಕರೆದೆ. ನೀವು ಕಟರನ್ನು ಕೈಯಲ್ಲಿ ತಿರುಗಿಸಿ, "ಅಬ್ಬಾ, ಏನ್ ಚೂಪು ಕಣ್ರೀ" ಅಂತ ಮೆಚ್ಚಿಕೊಂಡು ಇಟ್ಟಿರಿ. ಮಾರನೇ ದಿನ ನಿಮ್ಮ ಮನೆಗೆ ಬಂದರೆ, ನಿಮ್ಮದೊಂದು ಬಿಸ್ಕತ್ತಿನ ಡಬ್ಬ. ಅದರಲ್ಲಿ ಸೂಜಿ, ಹತ್ತನೇ ನಂಬರಿನ ದಾರ, ದಾರಕ್ಕೆ ಉಜ್ಜಲು ಮೇಣದಬತ್ತಿಯ ಮೋಟು, ಗೆರೆ ಎಳೆಯಲು ಸವೆದ ಸೋಪಿನ ಚೂರು. ಬೆರಳಿಗೆ ಸೂಜಿ ಚುಚ್ಚದಿರಲಿ ಅಂತ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಒಂದು ಪಟ್ಟಿ. ಅಂಚು ಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪು. ಇಷ್ಟರಲ್ಲೇ ನೀವು ಹೊಲಿದಿಟ್ಟಿದ್ದ ಕೌದಿಯ ಹೊಲಿಗೆ ಅಕ್ಕಿ ಕಾಳು ಸಾಲಾಗಿ ಇಟ್ಟ ಹಾಗಿತ್ತು. ನನ್ನ ಯಂತ್ರದ ಹೊಲಿಗೆಯೂ ಅಷ್ಟು ನೇರ ಬರುತ್ತಿರಲಿಲ್ಲ. ನಿಮ್ಮ ಯಜಮಾನರು ಅಬ್ದುಲ್ ರಹಮಾನ್ ಸಾಹೇಬರು ಅಲ್ಲೇ ಮರಗೆಲಸದ ಹಲಗೆ ಉಜ್ಜುತ್ತಾ, "ನಮ್ಮನೇವ್ರ ಕೈ ಬಂಗಾರ ಕಣಮ್ಮ" ಅಂದರು. ನಾನು ನಕ್ಕೆ. ಮನೆಗೆ ಬಂದು ಎರಡು ದಿನ ಯಂತ್ರದ ಮುಂದೆ ಕೂರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಕೈಕೆಲಸದ ಮತ್ಸರ, ಯಾರಿಗಿಲ್ಲ ಅನ್ನಬಹುದಿತ್ತು. ಆದರೆ ಅವ್ವ ನಿಮ್ಮ ಮನೆಗೆ ಹೋಗಲು ಶುರುಮಾಡಿದಳು. ದಿನಾ ಮಧ್ಯಾಹ್ನ, ಉಂಡು ತಟ್ಟೆ ತೊಳೆದಿಟ್ಟ ಕೂಡಲೇ, ಕಾಂಪೌಂಡಿನ ಸಂದಿಯಲ್ಲಿ ಗೋಡೆ ಹಿಡಿದುಕೊಂಡು. ನೀವು ಬಾಗಿಲಲ್ಲೇ "ಬನ್ನಿ ಅವ್ವಾ, ಚಾ ಕುಡೀವ್ರಂತೆ" ಅನ್ನುವುದು ನನ್ನ ಅಡುಗೆ ಮನೆಗೆ ಕೇಳುತ್ತಿತ್ತು. ಅವ್ವಾ! ಅಜ್ಜಿ ಅನ್ನಬಹುದಿತ್ತು, ಭದ್ರಮ್ಮ ಅನ್ನಬಹುದಿತ್ತು. ನನ್ನ ಅವ್ವನನ್ನು ಅವ್ವಾ ಅನ್ನಲು ನಿಮಗೆ ಯಾರು ಹೇಳಿದ್ದರು? ಸಂಜೆ ಬರುವಾಗ ಅವಳ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಏನು ಮಾತಾಡಿದಿರಿ ಅಂತ ಕೇಳಿದರೆ "ಏನೂ ಇಲ್ಲ ಕಣವ್ವ, ಸುಮ್ಕೆ ಕುಂತಿದ್ದೊ" ಅನ್ನುತ್ತಿದ್ದಳು. ನನ್ನ ಜೊತೆ ಸುಮ್ಮನೆ ಕೂರಲು ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

ಒಂದು ದಿನ ಅವಳ ಟ್ರಂಕು ಖಾಲಿಯಾಗಿತ್ತು. ನಮ್ಮೂರು ಕಂಪಲಾಪುರದಿಂದ ಬರುವಾಗ ತಂದಿದ್ದ ಒಂಬತ್ತು ನೂಲಿನ ಸೀರೆ ಗಂಟು ಕಟ್ಟಿಕೊಂಡು ಹೋಗಿ ನಿಮಗೆ ಕೊಟ್ಟಿದ್ದಳು. ನಾನು ಎಸ್ಸೆಲ್ಸಿ ಪಾಸಾದ ದಿನ ಅವಳು ಉಟ್ಟಿದ್ದ ಬದನೆಕಾಯಿ ಬಣ್ಣದ್ದೂ ಅದರಲ್ಲಿತ್ತು. ಕ್ವಿಲ್ಟ್ ಹೊಲಿಯುವ ಮಗಳು ಮನೆಯಲ್ಲೇ ಇರುವಾಗ, ಕೌದಿಗೆ ಸೀರೆ ಪಕ್ಕದ ಮನೆಗೆ ಕೊಡುವುದೆಂದರೇನು ಅಕ್ತರಕ್ಕ? ಹಠ ಹಿಡಿದು ನಾನೂ ಅವ್ವನಿಗೆಂದು ಒಂದು ಕ್ವಿಲ್ಟ್ ಹೊಲಿದೆ. ಮೂರು ತಿಂಗಳು. ಎಲ್ಲಾ ಹೊಸ ಬಟ್ಟೆ, ಮೂಲೆಗೆ ಮೂಲೆ ಕೂಡುವ ನಕ್ಷತ್ರದ ವಿನ್ಯಾಸ. ಅವ್ವ ಕೈಯಾಡಿಸಿ ನೋಡಿ, "ಸೆಂದಾಗದೆ ಕಣವ್ವ, ಒದ್ಕಂಡು ಯಾಕ್ ಆಳು ಮಾಡ್ಲಿ, ಮಡುಗು" ಅಂದಳು. ಅದನ್ನು ಬೀರುವಿನಲ್ಲಿ ಇಡಿಸಿ, ಅವತ್ತೂ ನಿಮ್ಮ ಕೌದಿಯನ್ನೇ ಕಿವಿಯವರೆಗೆ ಎಳೆದುಕೊಂಡಳು. ತಮ್ಮ ನಟರಾಜುವಿನ ಮಗಳು ಅನುಶ್ರೀ ಬಂದವಳು, ಅವ್ವ ನಿಮ್ಮ ಕೌದಿ ಹೊದ್ದದ್ದನ್ನೇ ವಿಡಿಯೋ ಮಾಡಿ ಹಾಕಿದಳು. ಊರವರೆಲ್ಲ ಮೆಚ್ಚಿದರು. ನಾನು ಇಪ್ಪತ್ತು ಸಲ ನೋಡಿದೆ, ಒಂದು ಲೈಕೂ ಒತ್ತಲಿಲ್ಲ. ಸೋದರತ್ತೆಯಾಗಿ ಇಷ್ಟು ಸಣ್ಣತನ!

ಅವ್ವ ಹೋದ ದಿನ ನೀವು ಬಂದು ಅತ್ತಿರಿ. ನಾನು ಅಳುತ್ತಾ ಅಳುತ್ತಾ ನಿಮ್ಮ ಅಳುವನ್ನು ಅಳೆಯುತ್ತಿದ್ದೆ. ನನಗಿಂತ ಜಾಸ್ತಿ ಅಳುತ್ತಿದ್ದೀರಾ ಅಂತ. ಮಾರನೇ ದಿನ ತಮ್ಮ ನಟರಾಜು ಅವಳ ಚಾಪೆ, ದಿಂಬು ಎಲ್ಲ ಗಂಟು ಕಟ್ಟಿದ, ಲಕ್ಷ್ಮಣತೀರ್ಥದ ದಂಡೆಗೆ ಹಾಕಿ ಬರಲು. "ಒದಿಯೋದು ಯಾವ್ದಕ್ಕಾ?" ಅಂತ ಕೇಳಿದ. ಸತ್ತವರು ಹೊದ್ದದ್ದು ಮನೆಯಲ್ಲಿ ಇಟ್ಟುಕೊಳ್ಳಬಾರದು, ಅದು ನನಗೂ ಗೊತ್ತು. ನಾನು ಬೀರು ತೆಗೆದು ನನ್ನ ನಕ್ಷತ್ರದ ಕ್ವಿಲ್ಟನ್ನು ಅವನ ಕೈಗೆ ಕೊಟ್ಟೆ. ಅವ್ವ ಒಂದು ದಿನವೂ ಹೊದೆಯದ್ದು, ಮಡಿಕೆ ಮುರಿಯದ್ದು. ಅವನು ಏನೂ ಅನುಮಾನ ಪಡದೆ ತೆಗೆದುಕೊಂಡು ಹೋದ. ನನ್ನ ಮೂರು ತಿಂಗಳ ಕೆಲಸ ಹೊಳೆಗೆ ಹೋಯಿತು, ನಿಮ್ಮದು ಉಳಿಯಿತು.

ಪ್ರೀತಿಯಿಂದ ಉಳಿಸಿಕೊಂಡೆ ಅಂತ ತಿಳಿಯಬೇಡಿ. ಅದರಲ್ಲಿ ಅವ್ವನ ಮೈಯ ವಾಸನೆ ಇತ್ತು, ಅದು ನನಗೊಬ್ಬಳಿಗೇ ಬೇಕಿತ್ತು. ನಿಮಗೆ ಒಂದು ಗೇಣು ಕೊಟ್ಟರೂ ಅಷ್ಟು ಅವ್ವ ನಿಮ್ಮ ಪಾಲಿಗೆ ಹೋದಂತೆ ಅನಿಸುತ್ತಿತ್ತು. ಬೇಸರವಾದಾಗ ತೆಗೆದು ಹೊದ್ದುಕೊಂಡದ್ದು ಉಂಟು. ಆದರೆ ನಿಮ್ಮ ಕೆಲಸ ಅನ್ನುವ ಉರಿಗೆ ಅದನ್ನು ಬಿಡಿಸಿ ನೋಡಿರಲೇ ಇಲ್ಲ.

ಹೋದ ಭಾನುವಾರ ನೋಡಿದೆ. ಅದೂ ಕಳ್ಳತನಕ್ಕೆ. ಮೂಲೆಯಲ್ಲಿ ಬಟ್ಟೆ ಉಬ್ಬದ ಹಾಗೆ ನೀವು ಹೇಗೆ ಮಡಚುತ್ತೀರಿ ಅನ್ನುವ ಗುಟ್ಟು ತಿಳಿಯಬೇಕಿತ್ತು, ಕೇಳಲು ಬಿಗುಮಾನ. ಕಿಟಕಿಯ ಬೆಳಕಿಗೆ ಕೌದಿ ಹರಡಿ, ಅಡಿಮೇಲು ಮಾಡಿ, ಅಂಚಿನ ಉದ್ದಕ್ಕೂ ಬೆರಳು ಓಡಿಸಿಕೊಂಡು ಹೋದೆ. ಒಂದು ಕಡೆ ಅಕ್ಕಿ ಕಾಳಿನ ಸಾಲು ನಿಂತುಹೋಯಿತು. ಅಲ್ಲಿಂದ ಮುಂದೆ ಬೇರೆ ಕೈ. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಸಾಲು ಮೇಲಕ್ಕೆ ಹತ್ತಿ ಮತ್ತೆ ಕೆಳಕ್ಕೆ ಇಳಿದಿತ್ತು. ಗಂಟು ಮೇಲುಗಡೆಯೇ ಕಡಲೆಬೇಳೆ ಗಾತ್ರ. ಬಿಳಿ ದಾರದ ಬದಲು ಕಡುನೀಲಿ ದಾರ. ನೋಡಿದ ಕೂಡಲೇ ಯಾರದೆಂದು ತಿಳಿಯಿತು, ಯಾಕೆಂದರೆ ಅದೇ ಹೊಲಿಗೆಯನ್ನು ನಾನು ನನ್ನ ಕೈಯಾರೆ ಬಿಚ್ಚಿದ್ದೆ.

ಇದನ್ನು ಯಾರಿಗೂ ಹೇಳಿಲ್ಲ, ಅವ್ವ ನಿಮಗೆ ಹೇಳಿದ್ದರೆ ಗೊತ್ತಿಲ್ಲ. ನನ್ನ ಮೊದಲನೇ ಕ್ವಿಲ್ಟ್ ಯಂತ್ರದ ಮೇಲಿತ್ತು, ನಾನು ಸಂತೆಗೆ ಹೋಗಿದ್ದೆ. ಬರುವಷ್ಟರಲ್ಲಿ ಅವ್ವ ಒಂದು ಇಡೀ ಅಂಚು ಕೈಯಲ್ಲಿ ಹೊಲಿದು ಮುಗಿಸಿ, ನನಗೆ ಸಹಾಯ ಆಯಿತೆಂದು ಬೀಗುತ್ತಾ ಕೂತಿದ್ದಳು. ಸೊಟ್ಟಸೊಟ್ಟ ಹೊಲಿಗೆ. ನಾನು ಚೀಲ ಕೆಳಗಿಟ್ಟವಳು, ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ತೆಗೆದುಕೊಂಡು, ಅವಳ ಎದುರಿಗೇ ಒಂದೊಂದನ್ನೂ ಕಿತ್ತೆ. "ಕಣ್ಣು ಕಾಣಲ್ಲ ನಿನಗೆ, ಸುಮ್ಮನೆ ಕೂತ್ಕೊಳ್ಳೋಕೆ ಆಗಲ್ವಾ?" ಅಂದೆ. ಅವ್ವ ನೆಲದ ಮೇಲೆ ಬಿದ್ದ ದಾರದ ಚೂರುಗಳನ್ನು ಬೆರಳಿಗೆ ಅಂಟಿಸಿಕೊಂಡು ಆಯ್ದು, ಕಸದ ಬುಟ್ಟಿಗೆ ಹಾಕಿದಳು. ಅವಳು ನಿಮ್ಮ ಮನೆಯ ದಾರಿ ಹಿಡಿದದ್ದು ಅದರ ಮುಂದಿನ ವಾರ.

ಆಗ ಒಂದೊಂದೇ ನೆನಪಾಗತೊಡಗಿತು. ನಿಮ್ಮ ಜಗುಲಿಯ ಮೇಲೆ ಒಂದು ಹಳೇ ಸ್ಪಂಜಿನಲ್ಲಿ ಇಪ್ಪತ್ತು ಸೂಜಿ ಸಾಲಾಗಿ ಚುಚ್ಚಿರುತ್ತಿತ್ತು, ಎಲ್ಲಕ್ಕೂ ಕಡುನೀಲಿ ದಾರ ಪೋಣಿಸಿ. ಬೆಳಿಗ್ಗೆಯೇ ಪೋಣಿಸಿ ಇಡುತ್ತಿದ್ದಿರಿ, ಅಲ್ಲವೇ? ದಾರ ಮುಗಿದಾಗಲೆಲ್ಲ ಅವ್ವ ನಿಮ್ಮನ್ನು ಕೇಳಬೇಕಾಗಿ ಬರದಿರಲಿ ಅಂತ. ಬಿಳಿ ದಾರ ಅವಳ ಕಣ್ಣಿಗೆ ಕಾಣದು ಅಂತ. ಅಷ್ಟು ಅಚ್ಚುಕಟ್ಟಾದ ನಿಮ್ಮ ಕೌದಿಯಲ್ಲಿ ಒಂದು ಇಡೀ ಪಕ್ಕವನ್ನು ಅವಳಿಗೆ ಬಿಟ್ಟಿರಿ. ಅವಳು ಎದ್ದು ಹೋದ ಮೇಲೆ ಬಿಚ್ಚಿ ಸರಿಮಾಡಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮಾಡಲಿಲ್ಲ. ನನಗೂ ಒಂದು ದಿನ ಎತ್ತಿ ಆಡಲಿಲ್ಲ. ನೀವು ಎತ್ತಿ ಆಡಿದ್ದರೆ ನಿಮ್ಮ ಮೇಲೆ ಒಂದು ಒಳ್ಳೆಯ ಜಗಳ ತೆಗೆದು ಹಗುರಾಗುತ್ತಿದ್ದೆ, ಅದಕ್ಕೂ ಅವಕಾಶ ಕೊಡಲಿಲ್ಲ ನೀವು.

ಈ ಏಳು ದಿನ ಏನೇನು ಯೋಚಿಸಿದೆ ಅಂತ ಮುಚ್ಚಿಡುವುದಿಲ್ಲ. ಸುಫಿಯಾ ಏಳು ತಿಂಗಳು ತುಂಬಿ ತವರಿಗೆ ಬಂದಿದ್ದಾಳೆ ಅಂತ ನಿಮ್ಮ ಬಾಯಲ್ಲೇ ಕೇಳಿದೆ. ತುಂಡು ಕಳಿಸಲೇಬೇಕು ಅಂತ ಮೊದಲ ದಿನವೇ ತೀರ್ಮಾನವಾಯಿತು. ಆದರೆ ಯಾವ ತುಂಡು? ನೀವು ಹೊಲಿದ ಕಡೆಯಿಂದ ಕತ್ತರಿಸಿ ಕಳಿಸಿ, ಅವ್ವ ಹೊಲಿದ ಪಕ್ಕವನ್ನು ನಾನೇ ಇಟ್ಟುಕೊಳ್ಳುವುದು ಅಂತ ಸೋಪಿನಲ್ಲಿ ಗೆರೆಯನ್ನೂ ಎಳೆದೆ. ಸೀರೆ ಎರಡೂ ಕಡೆ ಅವ್ವನದೇ, ನೀವು ಕೇಳಿದ್ದೂ ಸೀರೆಯನ್ನೇ, ಮೋಸವೇನಿಲ್ಲ. ಗುರುವಾರದವರೆಗೆ ಆ ಗೆರೆ ಹಾಗೇ ಇತ್ತು. ಶುಕ್ರವಾರ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಆ ಹೊಲಿಗೆಯನ್ನು ಇಟ್ಟುಕೊಳ್ಳುವ ಹಕ್ಕು ನನಗಿದ್ದದ್ದು ಅವಳು ನನ್ನ ಮನೆಯಲ್ಲಿ ಹೊಲಿದ ದಿನ. ಅವತ್ತು ನಾನು ಕಿತ್ತು ಹಾಕಿದೆ.

ಇವತ್ತು ಬೆಳಿಗ್ಗೆ ಹಸಿರು ಮ್ಯಾಟಿನ ಮೇಲೆ ಹಾಸಿ, ಕಟರಿಗೆ ಹೊಸ ಬ್ಲೇಡು ಹಾಕಿ, ಒಂದೇ ಎಳೆತಕ್ಕೆ ಕತ್ತರಿಸಿದೆ. ಅವ್ವನ ಇಡೀ ಪಕ್ಕ, ಒಂದೂವರೆ ಗೇಣು ಅಗಲಕ್ಕೆ. ಬದನೆಕಾಯಿ ಬಣ್ಣದ್ದೂ ಅದರಲ್ಲಿದೆ. ನಾಳೆ ನಟರಾಜು ಸಾಲಿಗ್ರಾಮಕ್ಕೆ ಹೋಗುವವನು ಕೆ.ಆರ್. ನಗರದಲ್ಲಿ ಇಳಿದು, ಈ ಕಾಗದದ ಜೊತೆ ನಿಮ್ಮ ಕೈಗೆ ಕೊಡುತ್ತಾನೆ. ಮಿಕ್ಕದ್ದು, ನೀವು ಹೊಲಿದದ್ದು, ನನ್ನ ಹತ್ತಿರ ಇರಲಿ. ಕೇಳದೆ ಇಟ್ಟುಕೊಳ್ಳುತ್ತಿದ್ದೇನೆ. ಬಯ್ಯುವುದಿದ್ದರೆ ಫೋನಿನಲ್ಲಿ ಬಯ್ಯಿರಿ, ಊಟ ಆಯಿತಾ ಅಂತ ಮಾತ್ರ ಕೇಳಬೇಡಿ.

ಮಗುವಿನ ಕೌದಿಗೆ ಸೇರಿಸುವಾಗ ಆ ಸೊಟ್ಟ ಹೊಲಿಗೆಯನ್ನು ಬಿಚ್ಚಬೇಡಿ, ಅಕ್ತರಕ್ಕ. ನೀವು ಬಿಚ್ಚುವುದಿಲ್ಲ ಅಂತ ನನಗೆ ಗೊತ್ತು. ನಿಮ್ಮನ್ನು ಕಂಡರೆ ನನಗೆ ಹೊಟ್ಟೆಯುರಿ ಇರುವುದೂ ಅದಕ್ಕೇ.

ಸುಫಿಯಾಗೆ ಸುಖವಾಗಿ ಹೆರಿಗೆಯಾಗಲಿ. ಹುಟ್ಟುವ ಕೂಸು ಎಂಬತ್ತೆಂಟು ದಾಟಿ ಬಾಳಲಿ.

ಇಂತಿ,
ಭದ್ರಮ್ಮನ ಇನ್ನೊಬ್ಬ ಮಗಳು,
ಸುಧಾ