ಹಬ್ಬಕ್ಕೆ ಸಾಣೆ ಹಿಡಿಸಿದ ಬ್ಲೇಡುಗಳು

ಕೆರೆಬಿಳಚಿ,
೧೨-೧೦-೨೦೨೫, ಭಾನುವಾರ ಬೆಳಗ್ಗೆ

ಪ್ರೀತಿಯ ಅಪ್ಪಾಜಿ,

ನಿಮ್ಮ ಮಗಳು ಮೇಘಶ್ರೀ ಮಾಡುವ ಶರಣುಗಳು. ಮಂಡಿ ನೋವು ಹೇಗಿದೆ? ಬಿ.ಪಿ. ಮಾತ್ರೆ ಇಲ್ಲೇ ಗೂಡಿನಲ್ಲಿ ಬಿಟ್ಟು ಹೋಗಿದ್ದೀರಿ. ಸಿಟ್ಟು ಮಾಡಿಕೊಂಡು ಹೋಗುವವರು ಮಾತ್ರೆಯನ್ನಾದರೂ ಜೇಬಿಗೆ ಹಾಕಿಕೊಂಡು ಹೋಗಬೇಕಪ್ಪಾ! ಸೊಕ್ಕೆಯಲ್ಲಿ ಹೇಮಾವತಿ ಅತ್ತೆ ನಿಮಗೆ ಉಪ್ಪು ಕಡಿಮೆ ಹಾಕಿ ಅಡುಗೆ ಮಾಡುತ್ತಿದ್ದಾರೆಂಬ ನಂಬಿಕೆಯೂ ನನಗಿಲ್ಲ. ಅಣ್ಣ ಬಂದನೆಂದರೆ ಅವರಿಗೆ ದಿನಾ ಹಬ್ಬವೇ. ತಿಪ್ಪೇಶಪ್ಪನವರು ಮೆಕ್ಕೆಜೋಳ ತುಂಬಿಸಿಕೊಂಡು ಬರಲು ಈಗ ಜಗಳೂರು ಕಡೆ ಲಾರಿ ಒಯ್ಯುತ್ತಿದ್ದಾರೆ. ಮಾತ್ರೆಯನ್ನೂ ಈ ಕಾಗದವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಮೊದಲು ಮಾತ್ರೆ ನುಂಗಿ, ಆಮೇಲೆ ಓದಿ.

ನಿಮ್ಮ ಫೋನು ಸ್ವಿಚ್ ಆಫ್. ಅತ್ತೆಗೆ ಮಾಡಿದರೆ, "ಅಣ್ಣ ಹೊಲಕ್ಕೆ ಹೋಗೈತೆ ಕಣವ್ವ, ಬಂದ ಮ್ಯಾಲೆ ಮಾಡಿಸ್ತೀನಿ" ಅನ್ನುತ್ತಾರೆ. ಉರಿಬಿಸಿಲಲ್ಲಿ ಮಂಡಿ ನೋವಿನವರಿಗೆ ಅದೆಂಥ ಹೊಲದ ಕೆಲಸವೋ! ಅತ್ತೆಯ ಹಿಂದೆ ನೀವು ಕೆಮ್ಮಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಫೋನಾದರೆ ಕಟ್ ಮಾಡಬಹುದು, ಕಾಗದವನ್ನು ಹೇಗೆ ಕಟ್ ಮಾಡುತ್ತೀರೋ ನೋಡೋಣ. ಅವ್ವ ಚೆನ್ನಾಗಿದ್ದಾಳೆ, ಆದರೆ ಮಾತು ಕಡಿಮೆ. ಶೆಡ್ಡಿನಲ್ಲಿ ಅಡಿಕೆ ಸುಲಿಯುವ ಮಷೀನು ನಡೆಸಲು ನೀವಿಲ್ಲದೆ ನಿಂತೇ ಇದೆ. ಅಡಿಕೆ ಸುಲಿಸಲು ಬಂದವರಿಗೆಲ್ಲ ಅವ್ವ "ಬೆಲ್ಟ್ ಹೋಗೈತ್ರಿ" ಅಂತ ಸುಳ್ಳು ಹೇಳುತ್ತಾಳೆ. ಮೂಕಪ್ಪನವರು ನಕ್ಕು, "ಅದ್ಯಾವ ಬೆಲ್ಟಮ್ಮ, ಸೊಕ್ಕೆಗೆ ಹೋಗಿರೋದು?" ಅಂದರಂತೆ. ಊರಿಗೆಲ್ಲ ಗೊತ್ತಾಗಿದೆ. ನನ್ನನ್ನು ಕಂಡಾಗಲೆಲ್ಲ ಅವ್ವನದು ಒಂದೇ ಮಾತು: "ಅಪ್ಪ ಮಗಳು ಇಬ್ರಿಗೂ ಮೂಗಿನ ತುದೀಲೇ ಸಿಟ್ಟು. ಮಧ್ಯೆ ನಾನು ಸಾಯ್ಬೇಕು."

ಅಪ್ಪಾಜಿ, ನೀವು ನನ್ನ ಮಾತು ಪೂರ್ತಿ ಕೇಳದೆ ಹೋದಿರಿ. ಅದಕ್ಕೇ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. "ಇನ್ನೂ ಏನು ಬಾಕಿ ಐತವ್ವ ಈ ಎಂ.ಟೆಕ್‌ಗೆ? ಪೇಪರೆಲ್ಲಾ ಪಾಸ್ ಮಾಡಿದ್ಯಲ್ಲ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದಿರಿ. ಮೆಕ್ಯಾನಿಕಲ್‌ನಲ್ಲಿ ಪೇಪರು ಪಾಸಾದರೆ ಮುಗಿಯುವುದಿಲ್ಲ. ಸೆಮಿನಾರ್ ಕೊಡಬೇಕು, ಕೊಟ್ಟೆ. ಸಂಶೋಧನಾ ಪತ್ರಿಕೆಯಲ್ಲಿ ಲೇಖನ ಬರಬೇಕು, ಅದೂ ಬಂತು. ಉಳಿದದ್ದು ಥೀಸಿಸ್ ಒಂದೇ. ಅದನ್ನು ಬರೆದು, ಹೊರಗಿನಿಂದ ಬಂದ ಪರೀಕ್ಷಕರ ಎದುರು ನಿಂತು, ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ನನ್ನ ಥೀಸಿಸ್ ಇರುವುದೇ ನಮ್ಮ ಮಷೀನಿನ ಬ್ಲೇಡುಗಳ ಮೇಲೆ. ಬೇರೆ ಬೇರೆ ಉಕ್ಕಿನ ಬ್ಲೇಡು ಹಾಕಿ ಹಸಿ ಅಡಿಕೆ ಸುಲಿದರೆ ಯಾವುದು ಎಷ್ಟು ಸವೆಯುತ್ತದೆ ಅನ್ನುವುದೇ ನನ್ನ ಪ್ರಶ್ನೆ. ಶ್ರಾವಣದಲ್ಲಿ ಕೊಯ್ಲು ಶುರುವಾದಾಗ ಕಾಲೇಜಿನ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಹಾಕಿದ್ದೆ. ನಡುವೆ ಬಿಚ್ಚಿದರೆ ಬ್ಲೇಡು ಕೂತ ಜಾಗ ಬದಲಾಗುತ್ತದೆಂದು ಮುಟ್ಟಿರಲಿಲ್ಲ. ಹಬ್ಬ ಮುಗಿದ ಮೇಲೆ ಬಿಚ್ಚಿ, ಮತ್ತೆ ತೂಗಿ, ಎಷ್ಟು ಕಡಿಮೆಯಾಗಿದೆ ಎಂದು ನೋಡಬೇಕಿತ್ತು. ಎಂ.ಟೆಕ್ ಮುಗಿಸಲು ಕೊಟ್ಟ ಗಡುವು ಈ ಡಿಸೆಂಬರಿಗೆ ತೀರುತ್ತದೆ. ಅಷ್ಟರಲ್ಲಿ ಥೀಸಿಸ್ ಕೊಡದಿದ್ದರೆ ರಿಜಿಸ್ಟ್ರೇಷನ್ನೇ ರದ್ದು. ಪಾಸಾದ ಪೇಪರು, ಸೆಮಿನಾರು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆ ಬ್ಲೇಡುಗಳನ್ನು ನನಗಿಂತ ಹೆಚ್ಚು ಕಾದವರು ನೀವೇ, ಅದನ್ನು ನಾನು ಮರೆತಿಲ್ಲ. ಮೊಂಡಾಗುತ್ತಾ ಬಂದು ಸಿಪ್ಪೆ ಸರಿಯಾಗಿ ಬಿಡದೆ ಜನ ಗೊಣಗಿದರೂ, "ಮುಟ್ಟಬ್ಯಾಡ್ರಪ್ಪ, ಅದು ನಮ್ಮ ಹುಡುಗೀ ಪರೀಕ್ಷೆ" ಎಂದು ಎಲ್ಲರನ್ನೂ ದೂರ ನಿಲ್ಲಿಸಿದಿರಿ. ಅಂಥವರು, ಆಯುಧಪೂಜೆಯ ಹಿಂದಿನ ದಿನ ನಾನು ಕಾಲೇಜಿಗೆ ಹೋಗಿದ್ದಾಗ, ಕುಡುಗೋಲು, ಕೊಡಲಿ, ಅವ್ವನ ಈಳಿಗೆಮಣೆಯ ಜೊತೆಗೆ ಆ ಬ್ಲೇಡುಗಳನ್ನೂ ಬಿಚ್ಚಿ ಬುಡನ್‌ಸಾಬರ ವರ್ಕ್‌ಶಾಪಿಗೆ ಒಯ್ದು ಸಾಣೆ ಹಿಡಿಸಿದಿರಿ. ಮೊಂಡು ಆಯುಧವನ್ನು ಪೂಜೆಗೆ ಇಡಬಾರದು ಎಂಬುದು ನಮ್ಮ ಮನೆಯಲ್ಲಿ ತಾತನ ಕಾಲದಿಂದ ಬಂದ ಮಾತು. ವರ್ಷವೆಲ್ಲ ದುಡಿದದ್ದಕ್ಕೆ ಆ ಒಂದು ದಿನವಾದರೂ ಮರ್ಯಾದೆ ಬೇಡವೇ ಎಂದು ನೀವು ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೀರಿ. ಆದರೂ ಈ ಬ್ಲೇಡುಗಳಿಗೂ ಹಾಗೆ ಮಾಡುತ್ತೀರೆಂದು ನನಗೆ ಹೊಳೆಯಲಿಲ್ಲ. ಹಬ್ಬದ ಬೆಳಗ್ಗೆ ಶೆಡ್ಡಿಗೆ ಬಂದರೆ ಎಲ್ಲವೂ ಫಳಫಳ ಹೊಳೆಯುತ್ತಿವೆ, ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ. "ನೋಡವ್ವ, ನಿನ್ನ ಬ್ಲೇಡು ಹೆಂಗೆ ಮಾಡಿಸಿದೀನಿ!" ಎಂದು ನಗುತ್ತಾ ನಿಂತಿದ್ದಿರಿ. ಸಾಣೆಕಲ್ಲು ಉಕ್ಕನ್ನೇ ತಿಂದು, ಸವೆದ ಅಂಚೇ ಇಲ್ಲವೆಂದ ಮೇಲೆ ತೂಗುವುದೇನನ್ನು?

"ನಿಮಗೇನು ಬುದ್ಧಿಗಿದ್ದಿ ಐತಾ ಅಪ್ಪಾಜಿ? ನನ್ನ ಜೀವನಾನೇ ಸಾಣೆಕಲ್ಲಿಗೆ ಕೊಟ್ರಲ್ಲ!" ಅಂದೆ. ಓಣಿಯವರೆಲ್ಲ ಪೂಜೆಗೆ ಸೇರಿದ್ದರು. ನೀವು ಒಡೆಯಲು ಹಿಡಿದಿದ್ದ ಕಾಯಿಯನ್ನು ಕೆಳಗಿಟ್ಟು ಒಳಗೆ ಹೋದಿರಿ. ಮರುದಿನ ಮೊದಲ ಬಸ್ಸಿಗೇ ಊರು ಬಿಟ್ಟಿರಿ. ಅಪ್ಪಾಜಿ, ನನಗೆ ಸಿಟ್ಟು ಬಂದದ್ದು ತಪ್ಪಲ್ಲ, ಈಗಲೂ ಆ ಬ್ಲೇಡು ಕಂಡರೆ ಅಳು ಬರುತ್ತದೆ. ಆದರೆ ಅಷ್ಟು ಜನರ ಮುಂದೆ ನಿಮ್ಮನ್ನು ಹಾಗೆ ಅಂದದ್ದು ತಪ್ಪು, ದೊಡ್ಡ ತಪ್ಪು. ಬುಡನ್‌ಸಾಬರು ಮನೆಗೆ ಬಂದು ಬಾಗಿಲಲ್ಲೇ ನಿಂತು, "ನಾನಾದ್ರೂ ಒಂದ್ ಮಾತು ಕೇಳಬೇಕಿತ್ತು ಬೇಟಿ. ಮಗಳ ಬ್ಲೇಡು, ಚೆನ್ನಾಗಿ ಹಿಡೀರಿ ಅಂತ ಅಷ್ಟು ಖುಷೀಲಿ ತಂದಿದ್ರು, ಹೆಂಗೆ ಬ್ಯಾಡ ಅನ್ನಲಿ?" ಅಂದರು. ಚಹಾ ಕೊಟ್ಟು ಕಳಿಸಿದೆ.

ನನ್ನ ಜೊತೆ ಓದುವ ವಿನಯ್ ಕುಮಾರ್, "ಯಾವ್ದೋ ಅಂಕಿ ಬರ್ದು ಹಾಕು ಮಾರಾಯ್ತಿ, ನಿಮ್ಮ ಶೆಡ್ಡಿಗೆ ಬಂದು ಯಾರು ತೂಗ್ತಾರೆ?" ಅಂದ. ಸುಳ್ಳೇಕೆ, ಬರೆದೂ ನೋಡಿದೆ. ಗ್ರಾಫು ಎಷ್ಟು ಚಂದ ಬಂತೆಂದರೆ ನನಗೇ ಹೆದರಿಕೆಯಾಯಿತು. ಅಳಿಸಿಹಾಕಿ ನೇರ ಗೈಡ್ ಮೇಡಂ ಹತ್ತಿರ ಹೋಗಿ, ನಿಮ್ಮ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಇದ್ದ ಹಾಗೆ ಹೇಳಿದೆ. ಮೇಡಂ ಹೊನ್ನಾಳಿ ಕಡೆಯವರು, ಅವರ ಮನೆಯಲ್ಲೂ ಆಯುಧಕ್ಕೆ ಸಾಣೆ ಹಿಡಿಸಿಯೇ ಪೂಜೆಯಂತೆ. ತಲೆ ಮೇಲೆ ಕೈ ಹೊತ್ತು ಕೂತರೂ ನನ್ನ ಮಾತನ್ನು ಅನುಮಾನಿಸಲಿಲ್ಲ. ಅವರೇ ಗಡುವು ತೀರ್ಮಾನಿಸುವ ಕಾಲೇಜಿನ ಕಮಿಟಿಯ ಮುಂದೆ ವಿಷಯ ಇಟ್ಟರು. ಇನ್ನೊಂದು ಕೊಯ್ಲಿನವರೆಗೆ ಗಡುವು ಮುಂದಕ್ಕೆ ಹಾಕಬಹುದಂತೆ, ಆದರೆ ವಿದ್ಯಾರ್ಥಿಯ ಕೈಮೀರಿದ ಕಾರಣ ಇದ್ದರೆ ಮಾತ್ರ. ಅಲ್ಲಿ ಒಬ್ಬರು ಹಿರಿಯರು ನಕ್ಕು, "ಪ್ರಯೋಗ ಕೆಟ್ಟಿರಬೇಕು, ಅದಕ್ಕೆ ಪೂಜೆ ನೆಪ ಹೇಳ್ತಿದ್ದಾಳೆ" ಅಂದರಂತೆ. ಗುರುವಾರ ಮತ್ತೆ ಸೇರುತ್ತಾರೆ. ಅಂದೇ ತೀರ್ಮಾನ. ಅವ್ವನ ಮುಂದೆ ಮಾತ್ರ ಧೈರ್ಯವಾಗಿದ್ದೇನೆ.

ಅತ್ತೆಗೂ ಮಾವನವರಿಗೂ ನನ್ನ ಶರಣು ತಿಳಿಸಿ. ಅವ್ವ ಸ್ವೆಟರ್ ಕಳಿಸಿದ್ದಾಳೆ, ಬೆಳಗಿನ ಹೊತ್ತು ಹಾಕಿಕೊಳ್ಳಬೇಕಂತೆ. ಸಿಟ್ಟಿದ್ದರೂ ಇರಲಿ, ನಿಮ್ಮ ಆಶೀರ್ವಾದ ಮಾತ್ರ ತಪ್ಪಿಸಬೇಡಿ.

ನಿಮ್ಮ ಮಗಳು,
ಮೇಘಶ್ರೀ

ತಾ.ಕ.: ತಿಪ್ಪೇಶಪ್ಪನವರು ಹಾರ್ನ್ ಹೊಡೆಯುತ್ತಿದ್ದಾರೆ, ನಾನಿನ್ನೂ ಹೇಳಬೇಕಾದ್ದನ್ನೇ ಹೇಳಿಲ್ಲ. ಸಾಣೆ ಹಿಡಿಸಿದವರು ಯಾರೋ ಅವರೇ ಬಂದು ಎದುರಿಗೆ ಹೇಳಬೇಕೆಂದು ಕಮಿಟಿಯವರು ಅಂದಿದ್ದಾರೆ. ಗುರುವಾರ ಹನ್ನೊಂದು ಗಂಟೆಗೆ. ದೊಡ್ಡ ಮೇಜು, ಆಚೆ ಕಡೆ ಇಂಗ್ಲಿಷು ಮಾತಾಡುವವರು. ಅಂಥ ಕಡೆ ನಿಮಗೆ ಕಾಲೇ ಏಳುವುದಿಲ್ಲವೆಂದು ನನಗೆ ಗೊತ್ತು. ನೀವು ಬರದಿದ್ದರೆ ನಾನು ಒಂದು ಹೆಸರು ಹೇಳಲೇಬೇಕು. ನಿಮ್ಮ ಬೆನ್ನ ಹಿಂದೆ ನಿಮ್ಮ ಹೆಸರು ಹೇಳಿ ನಾನು ಎಂ.ಟೆಕ್ ಮಾಡುವುದಿಲ್ಲ. ನಾನೇ ಹಿಡಿಸಿದೆ ಅಂದುಬಿಡುತ್ತೇನೆ. ಹಾಗೆಂದರೆ ರಿಜಿಸ್ಟ್ರೇಷನ್ ಅಲ್ಲಿಗೇ ಮುಗಿಯಿತು ಎಂದು ಮೇಡಂ ಎಚ್ಚರಿಸಿದ್ದಾರೆ, ಆದರೂ ಅದನ್ನೇ ಹೇಳುತ್ತೇನೆ. ಹತ್ತು ಗಂಟೆಯಿಂದಲೇ ಕಾಲೇಜಿನ ಗೇಟಿನ ಹತ್ತಿರ ನಿಂತಿರುತ್ತೇನೆ ಅಪ್ಪಾಜಿ.