ನಿಮ್ಮ ಕಂಪ್ಯೂಟರಿನಲ್ಲಿ ಸಮನಾಗಿರುವ ನಮ್ಮ ಬೀದಿ

ವಿದ್ಯುತ್ ವಿತರಣೆಯ ಲೆಕ್ಕ ನೋಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಂಪ್ಯೂಟರಿನಲ್ಲಿ ನಮ್ಮ ಬೀದಿಗೆ ಕರೆಂಟು ತರುವ ಮೂರು ತಂತಿಗಳೂ, ಅಂದರೆ ಮೂರು ಫೇಸುಗಳೂ, ಒಳ್ಳೆಯ ಅಣ್ಣತಮ್ಮಂದಿರ ಹಾಗೆ ಹೊರೆಯನ್ನು ಸಮನಾಗಿ ಹಂಚಿಕೊಂಡಿವೆಯಂತೆ. ಅಂಥ ಅಣ್ಣತಮ್ಮಂದಿರನ್ನು ನೀವು ಎಲ್ಲಿ ನೋಡಿದಿರೋ ಕಾಣೆ. ಬೀದಿಯಲ್ಲಿ ಹಾಗಿಲ್ಲ. ಹಾಗಿಲ್ಲದ್ದರಿಂದಲೇ ನನ್ನ ತಮ್ಮನ ಉಸಿರಾಟದ ಯಂತ್ರ ಸುಟ್ಟುಹೋಗಿ ಅವನು ಆಸ್ಪತ್ರೆ ಸೇರಿದ್ದಾನೆ. ನಾನು ಹೊಲಿಗೆಯವಳು, ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು. ಬರಹದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯದಲ್ಲಿ ತಪ್ಪಿದೆ ಅನಿಸಿದರೆ ಬಂದು ನೋಡಿ.

ನಮ್ಮಲ್ಲಿ ಪ್ರತಿ ಮನೆಯ ಮೀಟರಿನ ಪಕ್ಕ ಒಂದು ತಿರುಗಿಸುವ ಸ್ವಿಚ್ಚಿದೆ. ಒಂದು ಫೇಸಿನಲ್ಲಿ ದೀಪ ಮಂಕಾದರೆ ಇನ್ನೊಂದಕ್ಕೆ ತಿರುಗಿಸಿಕೊಳ್ಳಬಹುದು. ದೂರು ಕೇಳಿ ಕೇಳಿ ಸಾಕಾಗಿ ನಿಮ್ಮ ಲೈನ್‌ಮನ್‌ಗಳೇ ಹಾಕಿಕೊಟ್ಟದ್ದು. ಸಂಜೆಯಾದರೆ ಹಿಟ್ಟಿನ ಗಿರಣಿಯವನು ಮಹಡಿಯಿಂದ ಕೂಗುತ್ತಾನೆ: "ಎರಡನೇದು ಚೆನ್ನಾಗಿದೆ ಕಣ್ರೋ, ಎರಡನೇದಕ್ಕೆ ಹಾಕ್ಕೊಳ್ರೋ!" ಇಡೀ ಬೀದಿ ಟಕಟಕನೆ ತಿರುಗುತ್ತದೆ. ಸ್ವಲ್ಪ ಹೊತ್ತಿಗೆ ಎರಡನೆಯದೂ ಮಂಕು.

"ಕೂಗಿ ಕೆಡಿಸಿದ್ಯಲ್ಲೋ! ಬಾಯಿ ಮುಚ್ಕೊಂಡು ಒಬ್ನೇ ಹಾಕ್ಕೊಂಡಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದು ಎದುರುಮನೆ ಅಜ್ಜಿ ಬೈಯುತ್ತಾಳೆ.

"ಒಬ್ನೇ ಬೆಳಕಲ್ಲಿ ಕೂತ್ರೆ ನೀನು ಸುಮ್ನೆ ಬಿಡ್ತೀಯಾ ಅಜ್ಜಿ?"

ನಾವು ನಗುತ್ತೇವೆ. ಮತ್ತೆ ತಿರುಗಿಸುತ್ತೇವೆ.

ನಾನು ಮಾತ್ರ ತಿರುಗಿಸುತ್ತಿರಲಿಲ್ಲ. ನಾನು ಹೆದರುಪುಕ್ಕಲಿ. ಜನ ನುಗ್ಗಿದ ಕಡೆ ಅಪಾಯ ಎಂದು ನಮ್ಮ ಮನೆಯನ್ನು ಯಾರೂ ಇಲ್ಲದ ಮೂರನೆಯ ಫೇಸಿನಲ್ಲೇ ಇಟ್ಟಿದ್ದೆ. ಒಂದು ಸಂಜೆ ಕಂಬದ ಮೇಲೆ ಮೂರೂ ಫೇಸುಗಳ ಕರೆಂಟು ಹಿಂದಿರುಗುವ ನ್ಯೂಟ್ರಲ್ ತಂತಿ ಕಡಿದುಹೋಯಿತು. ಮೂರೂ ಸಮನಾಗಿದ್ದರೆ ಆ ನಾಲ್ಕನೆಯ ತಂತಿಗೆ ಹೆಚ್ಚು ಕೆಲಸವಿಲ್ಲವಂತೆ. ನಮ್ಮ ಬೀದಿಯ ಏರುಪೇರನ್ನೆಲ್ಲ ಅದೊಂದೇ ಹೊತ್ತುಕೊಂಡು ಬಿಸಿಯಾಗಿ ಬಿಸಿಯಾಗಿ ಸವೆದಿತ್ತು ಎಂದು ಆಮೇಲೆ ಲೈನ್‌ಮನ್ ಹೇಳಿದ. ಅದು ಹೋದದ್ದೇ ಜನ ತುಂಬಿದ ಫೇಸಿನ ದೀಪಗಳು ಮಿಣುಕಿದವು, ಖಾಲಿ ಫೇಸಿನ ನಮ್ಮ ಮನೆಗೆ ವೋಲ್ಟೇಜು ನುಗ್ಗಿತು. ಬಲ್ಬು ಬೆಳ್ಳಗೆ ಉರಿದು ಸಿಡಿಯಿತು. ಯಂತ್ರದಿಂದ ಹೊಗೆ ಎದ್ದಿತು. "ಅಕ್ಕಾ, ಕಿಟಕಿ..." ಎಂದ ತಮ್ಮ. ಕಿಟಕಿ ತೆರೆದೇ ಇತ್ತು ಸ್ವಾಮಿ. ಗಿರಣಿಯವನು ಬಂದು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿದ.

ದೂರು ಕೊಡಲು ನಿಮ್ಮ ಕಚೇರಿಗೆ ಬಂದೆ. ನಿಮ್ಮ ಇಂಜಿನಿಯರು ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ನೋಡಮ್ಮ, ಮೂರೂ ಹಸಿರು. ಎಲ್ಲಾ ಸರಿ ಇದೆ."

"ಮೂರನ್ನೂ ಬೇರೆಬೇರೆ ಅಳೆದು ನೋಡಿದ್ರಾ ಸಾರ್?"

"ಒಟ್ಟು ಲೋಡು ಗೊತ್ತಿರತ್ತೆ. ಮೂರರಿಂದ ಭಾಗಿಸ್ತೀವಿ, ಅಷ್ಟೇ. ನೀವು ಸುಮ್ನೆ ಹೆದರ್ಕೋತೀರ."

ಹೌದು, ಹೆದರುತ್ತೇನೆ. ಮೂವರ ಊಟವನ್ನು ಒಬ್ಬನೇ ಉಂಡು ಇಬ್ಬರು ಉಪವಾಸವಿದ್ದರೆ ನಿಮ್ಮ ಭಾಗಾಕಾರದಲ್ಲಿ ಮೂವರಿಗೂ ಹೊಟ್ಟೆ ತುಂಬಿರುತ್ತದೆಯೇ? ಭಾಗಿಸಿದ್ದು ಕಾಗದದಲ್ಲೋ, ಕಂಬದಲ್ಲೋ? ಕರೆಂಟು ನಿಮ್ಮ ಪರದೆಯನ್ನು ನೋಡಿಕೊಂಡು ಹರಿಯುತ್ತದೆಯೇ? ನಿಮ್ಮ ಓದಿನ ಮುಂದೆ ನನ್ನದು ಏನೂ ಅಲ್ಲ. ಆದರೆ ಓದಿದವರು ಒಂದು ಸಂಜೆ ಕಂಬದ ಕೆಳಗೆ ನಿಲ್ಲಬಾರದು ಎಂದು ಯಾವ ಪುಸ್ತಕದಲ್ಲಿದೆ?

ಸೋಮವಾರ ತಮ್ಮನನ್ನು ಮನೆಗೆ ಕಳಿಸುತ್ತಾರೆ. ಆಸ್ಪತ್ರೆಗೆ ಹಾಸಿಗೆ ಬೇಕಂತೆ. ಬೇರೆ ಯಂತ್ರ ಕೊಡುತ್ತಾರೆ. ಕಡಿದ ತಂತಿಗೆ ನಿಮ್ಮವರು ಗಂಟು ಹಾಕಿ ಹೋಗಿದ್ದಾರೆ, ಬೀದಿ ಮತ್ತೆ ಸ್ವಿಚ್ಚು ತಿರುಗಿಸುತ್ತಿದೆ. ಸೋಮವಾರದೊಳಗೆ ಬನ್ನಿ. ಸಂಜೆ ಬನ್ನಿ. ನಾಲ್ಕೂ ತಂತಿಗಳನ್ನು ಬೇರೆಬೇರೆ ಅಳೆಯಿರಿ, ಮನೆಗಳನ್ನು ಮೂರೂ ಫೇಸಿಗೆ ಹಂಚಿ ಕಟ್ಟಿ, ನಾವು ಎಷ್ಟೇ ಬೈದರೂ ಆ ಸ್ವಿಚ್ಚುಗಳನ್ನು ಕಿತ್ತುಕೊಂಡು ಹೋಗಿ. ಅದಾಗದಿದ್ದರೆ ಯಂತ್ರದ ಪ್ಲಗ್ಗನ್ನು ಯಾವ ಫೇಸಿಗೆ ಹಾಕಬೇಕೆಂದು ಒಂದೇ ಸಾಲು ಬರೆದು, ಸಹಿ ಮಾಡಿ ಕಳಿಸಿ.

ನಿನ್ನೆ ತಮ್ಮನನ್ನೂ ಕೇಳಿದೆ. "ನೀನೇ ನೋಡಿ ಹಾಕಕ್ಕಾ, ನಿಂಗೆ ಗೊತ್ತಾಗತ್ತೆ" ಎಂದ. ಹೋದ ಸಲ ನೋಡಿ ಹಾಕಿದವಳು ನಾನೇ. ಈ ಸಲ ನೀವು ಹಾಕಿ.

ಇಂತಿ,
ನಿಮ್ಮ ಕಚೇರಿಯಲ್ಲಿ ಸುಮ್ಮಸುಮ್ಮನೆ ಹೆದರುವವಳೆಂದು ಹೆಸರಾದ,
ಆ ಹೆಸರು ಸುಳ್ಳಾಗಲಿ ಎಂದು ಕಾಯುತ್ತಿರದ,
ನನ್ನ ಹೆದರಿಕೆಯೇ ಸುಳ್ಳಾಗಿ ಅದು ನಿಜವಾಗಲಿ ಎಂದು ಬೇಡುತ್ತಿರುವ
ಒಬ್ಬ ಅಕ್ಕ